ಮುಖ ಸಡಿಲ ಬಿಡ್ರಿ, ಮಾಸ್ತರ

ಬಾಯಿಂದ ಮಾತಾಡುವವರು ತಪ್ಪಿದರೆ ನಾಲಿಗೆ ಕಚ್ಚಿಕೊಂಡು ಸುಮ್ಮನಾಗಬಹುದು. ಕೈಯಿಂದ ಮಾತಾಡುವವರಿಗೆ ಆ ಅನುಕೂಲವಿಲ್ಲ. ತಪ್ಪಿದ್ದು ಇಡೀ ಕೋಣೆಗೆ ಕಾಣುತ್ತದೆ. ಹಾಗಾಗಿ ನಮ್ಮ ಕೆಲಸದಲ್ಲಿ ನಗುವಂಥದ್ದು ತಿಂಗಳಿಗೊಂದಾದರೂ ಆಗುತ್ತಲೇ ಇರುತ್ತದೆ. ಈ ವರ್ಷ ಸ್ವಲ್ಪ ಹೆಚ್ಚೇ ಆಯಿತು.

ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮನೆ ಕೆಲಗೇರಿಯಲ್ಲಿ. ಶಾಲೆ ಬಿಟ್ಟ ಮೇಲೆ ಮತ್ತು ರಜೆಯ ದಿನ ಸನ್ನೆ ಭಾಷೆಯ ದುಭಾಷಿ. ಅಂದರೆ ಕಿವಿ ಕೇಳದವರು ಆಸ್ಪತ್ರೆಗೋ ಬ್ಯಾಂಕಿಗೋ ಹೋದಾಗ ಎದುರಿನವರ ಮಾತನ್ನು ಕೈಗೆ, ಇವರ ಕೈಯನ್ನು ಮಾತಿಗೆ ತಿರುಗಿಸುವವನು. ಈ ಭಾಷೆಯನ್ನು ನಾನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ನನ್ನ ಹೆಂಡತಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಅವಳೇ ಕಲಿಸಿದಳು. ಸರ್ಟಿಫಿಕೇಟು ಆಮೇಲೆ ಬಂತು. ಹೋದ ಶ್ರಾವಣದಲ್ಲಿ ಅವಳು ತೀರಿಕೊಂಡಳು.

ದುಭಾಷಿಗಳು ಒಂದು ಸಲ ಹೆಸರು ನೋಂದಾಯಿಸಿದರೆ ಮುಗಿಯುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ತರಬೇತಿಗಳಿಗೆ ಹೋಗಿ ಇಂತಿಷ್ಟು ಅಂಕ ಕೂಡಿಸಬೇಕು. ನನ್ನ ಅವಧಿ ಈ ವರ್ಷ ಮುಗಿಯುವುದಿತ್ತು. ಅಂಕ ಕಡಿಮೆ ಬಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಹೆಸರು ಹೋದರೆ ಯಾರೂ ಕರೆಯುವುದಿಲ್ಲ. ಬೇರೆಯವರಿಗೆ ಇದು ಸಣ್ಣ ಸಂಗತಿ. ಆದರೆ ನನ್ನ ಮನೆಯಲ್ಲಿ ಈಗ ಕೈಮಾತಾಡಲು ಯಾರೂ ಇಲ್ಲ. ಹೊರಗಿನವರೂ ಕರೆಯದಿದ್ದರೆ ಈ ಕೈಗಳಿಗೆ ಚಾಕ್‌ಪೀಸು ಹಿಡಿಯುವುದೊಂದೇ ಕೆಲಸ ಉಳಿಯುತ್ತದೆ. ಆದ್ದರಿಂದ ಐವತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದೆ.

ಒಂದು ಮಾತು. ಕೈಯಿಂದ ಆಡಿದ ಮಾತುಗಳನ್ನೂ ಇಲ್ಲಿ ನಮ್ಮ ಕಡೆಯ ಆಡುಮಾತಿನಲ್ಲೇ ಬರೆದಿದ್ದೇನೆ. ನನಗೆ ಅವು ಹಾಗೇ ಕೇಳಿಸುವುದು.

ನಿಂತ ಕೈ

ಮೊದಲ ತರಬೇತಿ ಆನ್‌ಲೈನಿನಲ್ಲಿ, ಒಂದು ಭಾನುವಾರ ಮುಂಜಾನೆ. ತರಬೇತುದಾರರು ಸ್ವತಃ ಕಿವಿ ಕೇಳದವರು, ತಮ್ಮ ಊರಿನಿಂದ ಕಲಿಸುತ್ತಿದ್ದರು. ನಾವು ಮೂವತ್ತೊಂದು ದುಭಾಷಿಗಳು ನಮ್ಮ ನಮ್ಮ ಮನೆಯಿಂದ ಪರದೆಯ ಚೌಕಗಳಲ್ಲಿ ಕುಳಿತಿದ್ದೆವು. ಅಂದಿನ ಪಾಠ ಆಸ್ಪತ್ರೆಗೆ ಸಂಬಂಧಿಸಿದ ಹೊಸ ಸನ್ನೆಗಳು. ಅವರು ಮಾಡಿ ತೋರಿಸಬೇಕು, ನಾವು ಹಾಗೆಯೇ ಮಾಡಬೇಕು.

ರಕ್ತದೊತ್ತಡ ಆಯಿತು, ಸಲೈನ್ ಆಯಿತು. ಆಮೇಲೆ ಅವರು ಬಲಗೈಯ ಎರಡು ಬೆರಳು ಮಡಚಿ ಕಿವಿಯ ಹಿಂದೆ ಒಯ್ದರು, ಎಡಗಣ್ಣು ಅರ್ಧ ಮುಚ್ಚಿದರು, ತುಟಿಯನ್ನು ಒಂದು ಬದಿಗೆ ಎಳೆದರು, ಮತ್ತು ಹಾಗೇ ನಿಂತರು. ನಾವೂ ಬೆರಳು ಮಡಚಿ, ಕಣ್ಣು ಮುಚ್ಚಿ, ತುಟಿ ಎಳೆದು ನಿಂತೆವು. ಕೆಲವು ಸನ್ನೆಗಳನ್ನು ಹಿಡಿದು ನಿಲ್ಲಿಸುವ ಪದ್ಧತಿ ಇದೆ. ಎಷ್ಟು ಹೊತ್ತು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಾನು ಎಡಗೈಯಿಂದ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು, ಮೊಣಕೈಯ ಕೋನ ಸುಮಾರು ಅರವತ್ತು ಡಿಗ್ರಿ ಎಂದು ಗುರುತು ಹಾಕಿಕೊಂಡೆ. ಹುಬ್ಬಳ್ಳಿಯ ಒಬ್ಬ ಮೇಡಂ, ಇದು ಕಿವಿನೋವೋ ಪಾರ್ಶ್ವವಾಯುವೋ ಎಂದು ಚಾಟಿನಲ್ಲಿ ಕೇಳಿದರು. ಇನ್ನೊಬ್ಬರು, ಸರ್ ಅಲುಗಾಡುತ್ತಿಲ್ಲವಾದ್ದರಿಂದ ಪಾರ್ಶ್ವವಾಯುವೇ ಇರಬೇಕು ಎಂದು ಉತ್ತರಿಸಿದರು.

ನಾಲ್ಕು ನಿಮಿಷ ಹತ್ತು ಸೆಕೆಂಡಿನ ಮೇಲೆ ಅವರ ಚಿತ್ರ ಅಲುಗಿತು. ಅಲ್ಲಿ ಕರೆಂಟು ಹೋಗಿ ನೆಟ್ಟು ನಿಂತಿತ್ತಂತೆ. ಕರೆಂಟು ಹೋಗುವ ಹೊತ್ತಿಗೆ ಸರಿಯಾಗಿ ಅವರ ಕಿವಿಯ ಹಿಂದೆ ಒಂದು ಸೊಳ್ಳೆ ಕಡಿದಿತ್ತಂತೆ. ಈಗ ಅವರು ಪರದೆಯಲ್ಲಿ ನಮ್ಮ ಮೂವತ್ತೊಂದು ಕೈ ಮೂವತ್ತೊಂದು ಕಿವಿಯ ಹಿಂದೆ ಇರುವುದನ್ನು ಒಂದೊಂದಾಗಿ ನೋಡಿದರು. ಆಮೇಲೆ ನಿಧಾನಕ್ಕೆ ಕೈ ಎತ್ತಿ ಕೇಳಿದರು:

"ನಿಮಗೆಲ್ಲಾರಿಗೂ ಕಡೀತೇನ್ರಿ?"

ಬಿಡುವಂತಿಲ್ಲ, ಸೇರಿಸುವಂತಿಲ್ಲ

ಎರಡನೆಯದು ವೃತ್ತಿಧರ್ಮದ ತರಬೇತಿ. ಇಡೀ ದಿನದ ಸಾರ ಒಂದೇ: ದುಭಾಷಿ ತಾನಾಗಿ ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು. ಕಿವಿ ಇರುವವರಿಗೆ ಕೇಳಿಸಿದ್ದೆಲ್ಲ ಕಿವಿ ಇಲ್ಲದವರಿಗೂ ತಲುಪಬೇಕು, ಮೆಲ್ಲಗೆ ಆಡಿದ್ದಾದರೂ ಸರಿ. ಇದು ನನಗೆ ಬಹಳ ಹಿಡಿಸಿತು. ಲೆಕ್ಕದಲ್ಲೂ ನಾವು ಹಾಗೇ ಅಲ್ಲವೇ, ಕೊಟ್ಟ ಅಂಕಿಯನ್ನು ಯಾರಿಗೂ ಬೇಸರವಾಗದಿರಲಿ ಎಂದು ಬದಲಿಸುವುದಿಲ್ಲ.

ಮರುದಿನವೇ ಬೈರಿದೇವರಕೊಪ್ಪದಲ್ಲಿ ಒಂದು ಕನ್ಯೆ ನೋಡುವ ಕಾರ್ಯಕ್ರಮವಿತ್ತು. ಹುಡುಗನಿಗೂ ಹುಡುಗಿಗೂ ಕಿವಿ ಕೇಳುವುದಿಲ್ಲ. ಅವರಿಬ್ಬರಿಗೆ ದುಭಾಷಿ ಬೇಕಿರಲಿಲ್ಲ. ಹಿರಿಯರಿಗೆ ಬೇಕಿತ್ತು. ಹುಡುಗನ ಕಡೆಯವರು ಕಾಳಿನ ವ್ಯಾಪಾರಸ್ಥರು, ಜೊತೆಗೆ ಹುಡುಗನ ಸೋದರತ್ತೆ ಬಂದಿದ್ದರು.

ಉಪ್ಪಿಟ್ಟು, ಚಹಾ ಬಂತು. ಮನೆತನ, ಓದು, ಹೊಲಿಗೆ ಎಲ್ಲ ವಿಚಾರಣೆ ಸುಸೂತ್ರವಾಗಿ ನಡೆಯಿತು. ನಡುವೆ ಅತ್ತೆಯವರು ಪಕ್ಕದವರ ಕಡೆ ವಾಲಿ, ಫೋಟೋದಾಗ ಇದಕ್ಕಿಂತ ಬೆಳ್ಳಗಿದ್ದಳು ಎಂದರು. ನಾನು ತಿರುಗಿಸಿ ಹೇಳಿದೆ. ಹುಡುಗಿ ತಲೆಯಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅತ್ತೆಯವರು, ಉಪ್ಪಿಟ್ಟಿಗೆ ಉಪ್ಪು ಕಡಿಮೆ, ಈಕೆಯೇ ಮಾಡಿರಬೇಕು ಎಂದರು. ಅದನ್ನೂ ಹೇಳಿದೆ. ಹುಡುಗಿಯ ತಂದೆ ಮೂಲೆಯಲ್ಲಿ ನಿಂತು ಬೇಡ ಬೇಡ ಎಂದು ನನಗೆ ಕಣ್ಣು ಮಾಡುತ್ತಿದ್ದರು. ಅದನ್ನು ಹುಡುಗಿ ತಾನೇ ನೋಡುತ್ತಿದ್ದಳು, ಹೇಳುವ ಅಗತ್ಯ ಬೀಳಲಿಲ್ಲ.

ಆಗ ಹುಡುಗಿ ಕೈ ಎತ್ತಿದಳು. ನಾನು ಅದನ್ನು ಎಲ್ಲರಿಗೂ ಕೇಳುವಂತೆ, ಏನನ್ನೂ ಸೇರಿಸದೆ ಏನನ್ನೂ ಬಿಡದೆ ಹೇಳಿದೆ: "ಅತ್ತ್ಯಾರಿಗೆ ಉಪ್ಪು ಕಡಿಮಿ ಅನಿಸಿದ್ದು ಎರಡನೇ ಪ್ಲೇಟಿಗೋ, ಮೂರನೇ ಪ್ಲೇಟಿಗೋ?"

ನನ್ನ ಬಾಯಿಗಿಂತ ಮೊದಲೇ ಅವಳ ಕೈ ಓದಿದ್ದ ಹುಡುಗ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದ. ಸಂಬಂಧ ಅಲ್ಲೇ ಗಟ್ಟಿಯಾಯಿತು. ಮದುವೆಗೂ ನಾನೇ ದುಭಾಷಿ. ವೇದಿಕೆಯ ಮೇಲೆ ನಿಂತಿದ್ದೆ. ಕೆಳಗೆ ಮುಂದಿನ ಸಾಲಿನಲ್ಲಿ ಅತ್ತೆಯವರು ಬಾಯಿಗೆ ಸೆರಗು ಅಡ್ಡ ಹಿಡಿದು ಪಕ್ಕದವರಿಗೆ, ಮೆಲ್ಲಕ ಮಾತಾಡು, ಅಂವ ಅಲ್ಲೇ ನಿಂತಾನ ಎಂದರು.

ಮದುಮಗಳಿಗೆ ಅದನ್ನೂ ತಿರುಗಿಸಿ ಹೇಳಿದೆ.

ಮಿರ್ಚಿ

ಇಷ್ಟರ ಮೇಲೂ ಕೆಲವು ಅಂಕ ಕಡಿಮೆ ಬಿದ್ದವು. ಉಳಿದದ್ದು ಹುಬ್ಬಳ್ಳಿಯ ಒಂದು ಸಭಾಭವನದಲ್ಲಿ ನಡೆಯುವ ಹತ್ತು ದಿನದ ಶಿಬಿರ. ಕಡೆಯ ದಿನ ಪ್ರಾಯೋಗಿಕ ಪರೀಕ್ಷೆ. ಅದರಲ್ಲಿ ಪಾಸಾದರಷ್ಟೇ ಅಂಕ. ಕಲಿಸಲು ಬಂದವರು ಸೊಳ್ಳೆ ಕಡಿಸಿಕೊಂಡ ಅದೇ ತರಬೇತುದಾರರು. ನಾವು ಇಪ್ಪತ್ತನಾಲ್ಕು ಜನ.

ಮೂರನೆಯ ದಿನ ಸಂಜೆ ನಾಲ್ಕಕ್ಕೆ ಚಹಾದ ಜೊತೆ ಗಿರ್ಮಿಟ್ಟು, ಮಿರ್ಚಿ ಭಜಿ ತರಿಸಿದ್ದರು. ಹುಬ್ಬಳ್ಳಿಯಲ್ಲಿ ಮಿರ್ಚಿ ಎಂದರೆ ಮಿರ್ಚಿಯೇ. ತಿಂದಾದ ಮೇಲೆ ಕೈ ತೊಳೆಯಲು ಹೋದರೆ ನಳದಲ್ಲಿ ನೀರಿಲ್ಲ. ಎಲ್ಲರೂ ಭಜಿ ಕಟ್ಟಿ ತಂದ ಪೇಪರಿಗೇ ಕೈ ಒರೆಸಿಕೊಂಡು ತರಗತಿಗೆ ಬಂದೆವು. ಅಂದಿನ ಪಾಠ ಮುಖದ ಹತ್ತಿರ ಮಾಡುವ ಸನ್ನೆಗಳು: ನಿದ್ದೆ, ಕನಸು, ಕನ್ನಡಕ, ಕಣ್ಣೀರು.

ನಿದ್ದೆಯವರೆಗೆ ಎಲ್ಲರೂ ಸುಖವಾಗಿದ್ದರು. ಕನ್ನಡಕಕ್ಕೆ ಬರುವಷ್ಟರಲ್ಲಿ ಮುಂದಿನ ಸಾಲು ಅಳತೊಡಗಿತು. ಒರೆಸಿಕೊಳ್ಳಲು ಹೋದವರಿಗೆ ಇನ್ನೂ ಜೋರಾಯಿತು. ತರಬೇತುದಾರರು ಏನಾಯಿತು ಎಂದು ಕೇಳಲು ಕೈ ಎತ್ತಿದರು, ಅವರ ಬೆರಳೂ ಕಣ್ಣಿನ ಹತ್ತಿರ ಹೋಯಿತು, ಅವರೂ ಅಳತೊಡಗಿದರು. ಸರಿಯಾಗಿ ಆ ಹೊತ್ತಿಗೆ ಶಿಬಿರದ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಬಾಗಿಲಲ್ಲಿ ಬೂಟು ಕಳಚಿ, ಕೈಕಟ್ಟಿ, ಎರಡು ನಿಮಿಷ ತಲೆ ತಗ್ಗಿಸಿ ನಿಂತು, ಸಂದರ್ಶಕರ ಪುಸ್ತಕದಲ್ಲಿ ಒಂದು ಸಾಲು ಬರೆದು ಸದ್ದಿಲ್ಲದೆ ಹೋದರು.

ಆಮೇಲೆ ತೆಗೆದು ಓದಿದೆವು: "ಭಾವಾಭಿನಯದ ಪಾಠ ಹೃದಯಸ್ಪರ್ಶಿಯಾಗಿತ್ತು."

ಮಾರಿ

ನನ್ನ ಕಷ್ಟ ನಾಲ್ಕನೆಯ ದಿನ ಶುರುವಾಯಿತು. ಅಂದು ತರಬೇತುದಾರರು ಒಬ್ಬೊಬ್ಬರ ಕೈಮಾತನ್ನು ಮೊಬೈಲಿನಲ್ಲಿ ಹಿಡಿದು ಗೋಡೆಯ ಮೇಲೆ ಹಾಕಿ ತೋರಿಸಿದರು. ಸನ್ನೆ ಭಾಷೆಯಲ್ಲಿ ಕೈಯಷ್ಟೇ ಮುಖವೂ ಮಾತಾಡುತ್ತದೆ.

ನಾನು ಮೆಲುದನಿಯ ಮನುಷ್ಯ. ತರಗತಿಯಲ್ಲಿ ಹಿಂದಿನ ಬೆಂಚಿನವರು, ಸರ್ ಕೇಳಿಸವಲ್ದು ಎನ್ನುತ್ತಲೇ ಇರುತ್ತಾರೆ. ಆದರೆ ಗೋಡೆಯ ಮೇಲೆ ಕಂಡವನು ಬೇರೆ. ಅವನು "ದಯವಿಟ್ಟು ಕುಳಿತುಕೊಳ್ಳಿ" ಎಂಬುದನ್ನು ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಎಡಹುಬ್ಬನ್ನು ಮೇಲಕ್ಕೇರಿಸಿ ಹೇಳುತ್ತಿದ್ದ. ಹೇಳಿ ಮುಗಿಸಿ ಬೆರಳಗಣ್ಣಿನಿಂದ ಮೇಜನ್ನು ಎರಡು ಸಲ ಬಡಿಯುತ್ತಿದ್ದ. ಮಾಡುವಾಗ ನನಗೆ ಇದೊಂದೂ ಗೊತ್ತಾಗಿರಲಿಲ್ಲ.

ಎಲ್ಲರೂ ನಕ್ಕರು. ತರಬೇತುದಾರರು, ಇದು ದಯವಿಟ್ಟು ಕುಳಿತುಕೊಳ್ಳಿ ಅಲ್ಲ, ಕುಂಡರದಿದ್ದರ ನಿನಗೈತಿ ಇವತ್ತ ಅನ್ನೋ ಹಂಗೈತಿ ಎಂದರು. ನಾನು ಗೋಡೆಯನ್ನೇ ನೋಡುತ್ತಿದ್ದೆ. ಅದು ನನ್ನ ಹೆಂಡತಿಯ ಮುಖ.

ಅವಳು ಸಿಡುಕಿನವಳಲ್ಲ, ನಾನು ಮರೆವಿನವನು. ಬೋರ್ಡಿನ ಮೇಲೆ ಒಂದು ದಶಾಂಶ ಬಿಂದು ತಪ್ಪದವನು ಮನೆಯಲ್ಲಿ ಎಲ್ಲವನ್ನೂ ತಪ್ಪುತ್ತಿದ್ದೆ. ದಿನಾ ಮುಂಜಾನೆ ಅವಳು ಬಾಗಿಲಲ್ಲಿ ನಿಲ್ಲಿಸಿ ಅಂಗಿಯ ಗುಂಡಿ, ಛತ್ರಿ, ಊಟದ ಡಬ್ಬಿ ಒಂದೊಂದಾಗಿ ನೋಡಿಯೇ ಬಿಡುತ್ತಿದ್ದಳು. ಹೇಳಿದ್ದು ನನ್ನ ತಲೆಗೆ ಹೋಯಿತೋ ಇಲ್ಲವೋ ಎಂದು ಪ್ರತಿ ಮಾತಿನ ಕೊನೆಗೆ ಎರಡು ಸಲ ಬಡಿಯುತ್ತಿದ್ದಳು, ಬಾಗಿಲು ಸಿಕ್ಕರೆ ಬಾಗಿಲು, ಮೇಜು ಸಿಕ್ಕರೆ ಮೇಜು. ನಾನು ಭಾಷೆ ಕಲಿತದ್ದು ಬೈಸಿಕೊಳ್ಳುತ್ತ.

"ಮುಖ ಸಡಿಲ ಬಿಡ್ರಿ, ಮಾಸ್ತರ," ಎಂದರು ತರಬೇತುದಾರರು. "ಪರೀಕ್ಷಾದಾಗ ಈ ಮಾರಿ ನಡೆಯಂಗಿಲ್ಲ."

ಅಂದು ಸಂಜೆ ಆಸ್ಪತ್ರೆಯಿಂದ ಕರೆ ಬಂತು. ಸುಳ್ಳ ಗ್ರಾಮದ ಒಬ್ಬ ಬಡಿಗ, ಕಿವಿ ಕೇಳುವುದಿಲ್ಲ, ಸಕ್ಕರೆ ಕಾಯಿಲೆ. ಮೂರು ವರ್ಷದಿಂದ ನಾನೇ ಅವನ ದುಭಾಷಿ. ಒಂದು ಗುಳಿಗೆಯನ್ನೂ ತಪ್ಪಿಸದ ರೋಗಿ ಎಂದು ನರ್ಸುಗಳು ಬೇರೆಯವರಿಗೆ ಅವನ ಉದಾಹರಣೆ ಕೊಡುತ್ತಿದ್ದರು. ಡಾಕ್ಟರು ಬಹಳ ಸೌಮ್ಯ. ಅಂದು ನಾನು ಕಲಿತ ಪ್ರಕಾರ ಮುಖವನ್ನು ಮೊಸರಿನಂತೆ ಸಡಿಲ ಬಿಟ್ಟು ಡಾಕ್ಟರ ಮಾತನ್ನು ಹೇಳಿದೆ, ಮೇಜು ಬಡಿಯಲಿಲ್ಲ. ಬಡಿಗ ನನ್ನನ್ನೊಮ್ಮೆ ಡಾಕ್ಟರನ್ನೊಮ್ಮೆ ನೋಡಿದ. ಹೊರಗೆ ಬಂದ ಮೇಲೆ ಕಾಳಜಿಯಿಂದ ಕೇಳಿದ:

"ಡಾಕ್ಟರಿಗೆ ಆರಾಮಿಲ್ಲೇನ್ರಿ? ಮೂರು ವರ್ಷ ಹೆಂಗ ಬೈತಿದ್ರು. ಇವತ್ತ ಮಾತಿನ್ಯಾಗ ಜೀವಾನ ಇಲ್ಲ."

ಕನ್ನಡಿ

ಉಳಿದ ದಿನಗಳಲ್ಲಿ ಮುಂಜಾನೆ ಆರಕ್ಕೆ ಎದ್ದು ಕಪಾಟಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಹುಬ್ಬು ಇಳಿಸಿ ಒಂದು ವಾಕ್ಯ, ತುಟಿ ಸಡಿಲಿಸಿ ಒಂದು ವಾಕ್ಯ. ಹಳೆಯ ರೀತಿಯಲ್ಲಿ ಮಾಡಿದರೆ ಕನ್ನಡಿಯಲ್ಲಿ ಅವಳು ಬರುತ್ತಿದ್ದಳು. ಸರಿಯಾಗಿ ಮಾಡಿದರೆ ನಾನೊಬ್ಬನೇ ಇರುತ್ತಿದ್ದೆ. ಪಾಸಾಗಬೇಕಾದರೆ ಸರಿಯಾಗಿಯೇ ಮಾಡಬೇಕಿತ್ತು.

ಕಿಟಕಿ ತೆರೆದಿರುತ್ತಿತ್ತು ಎಂಬುದು ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಎಂಟನೆಯ ದಿನ ಪಕ್ಕದ ಮನೆಯ ಕಾಕು ಒಂದು ಬಟ್ಟಲಲ್ಲಿ ಝುಣಕ, ಮೇಲೆ ಎರಡು ರೊಟ್ಟಿ ಇಟ್ಟುಕೊಂಡು ಬಂದರು. ಬಹಳ ಹೊತ್ತು ಅದು ಇದು ಮಾತಾಡಿ, ಕೊನೆಗೆ ದನಿ ಇಳಿಸಿ ಕೇಳಿದರು.

"ಮಾಸ್ತರ, ತಪ್ಪು ತಿಳೀಬ್ಯಾಡ್ರಿ. ದಿನಾ ಮುಂಜಾನೆ ಒಬ್ಬರ ನಿಂತು ಕೈ ಮಾಡಾಕತ್ತೀರಿ. ಯಾರ ಜೋಡಿರಿ?"

ಪರೀಕ್ಷೆ ಐತ್ರಿ, ಅಭ್ಯಾಸ ಎಂದೆ. ಕಾಕು ದೊಡ್ಡ ಉಸಿರು ಬಿಟ್ಟರು. ನಾನು ಹಂಗ ಅಂದ್ಕೊಂಡಿದ್ದೆ, ಹಿಂಗ ಅಂದ್ಕೊಂಡಿದ್ದೆ ಎಂದು ಸಮಾಧಾನ ಮಾಡಿಕೊಂಡು ಹೊರಟರು. ಬಾಗಿಲಲ್ಲಿ ಮತ್ತೆ ನಿಂತರು.

"ಹಂಗಾರ ಮೊದಲ ಮಾಡ್ತಿದ್ರೆಲ್ಲಾ, ಮಾರಿ ಗಂಟ ಹಾಕ್ಕೊಂಡು, ಅದ ಛಲೋ ಇತ್ರಿ. ಈಗಿಂದು ನೋಡಾಕ ಅಂಜಿಕಿ ಬರ್ತೈತಿ."

ಗುಂಡಿ

ಪರೀಕ್ಷೆಯ ದಿನ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ತಪ್ಪೀತೆಂಬ ಅವಸರದಲ್ಲಿ ಮನೆ ಬಿಟ್ಟೆ. ಒಂಬತ್ತೂವರೆಗೆ ಸಭಾಭವನದಲ್ಲಿದ್ದೆ. ಪರೀಕ್ಷಕರು ಸೊಲ್ಲಾಪುರದಿಂದ ಬಂದ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಒಬ್ಬ ಹೆಣ್ಣುಮಗಳು. ಕಿವಿ ಕೇಳುವುದಿಲ್ಲ, ಅಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿ ಕಲಿಸುವವರು. ಸಣ್ಣ ಮೇಜಿನ ಆಚೆ ಅವರು, ಈಚೆ ನಾನು. ಒಬ್ಬರು ಡಾಕ್ಟರನ ಪಾತ್ರದಲ್ಲಿ ಗಟ್ಟಿಯಾಗಿ ಓದುವುದು, ನಾನು ಅದನ್ನು ಪರೀಕ್ಷಕರಿಗೆ ಕೈಯಲ್ಲಿ ಹೇಳುವುದು. ಉಳಿದ ಇಪ್ಪತ್ಮೂರು ಜನ ಸುತ್ತ ಕುಳಿತಿದ್ದರು. ತರಬೇತುದಾರರು ಬಾಗಿಲ ಹತ್ತಿರ ನಿಂತು ತಮ್ಮ ಕೆನ್ನೆ ಮುಟ್ಟಿ ಮುಟ್ಟಿ ನನಗೆ ಮುಖ ನೆನಪಿಸುತ್ತಿದ್ದರು.

ಬಂದ ವಿಷಯ ಸಕ್ಕರೆ ಕಾಯಿಲೆಯವರಿಗೆ ಸಲಹೆ. ಊಟವಾದ ಮೇಲೆ ಗುಳಿಗೆ. ದಿನಾ ಅರ್ಧ ಗಂಟೆ ನಡಿಗೆ. ಕಾಲಿಗೆ ಗಾಯವಾಗದಂತೆ ಎಚ್ಚರ. ಹುಬ್ಬು ಇಳಿದಿತ್ತು, ತುಟಿ ಸಡಿಲಿತ್ತು, ಕೈ ಅಚ್ಚುಕಟ್ಟಾಗಿತ್ತು. ಪರೀಕ್ಷಕರು ಒಮ್ಮೆ ಗಡಿಯಾರ ನೋಡಿದರು. ಆಮೇಲೆ ಓದುವವರು ಕೊನೆಯ ಸಾಲು ಓದಿದರು: "ಒಬ್ಬರೇ ಇದ್ದೇವೆ ಎಂದು ಅಡಿಗೆ ಮಾಡಿಕೊಳ್ಳುವುದನ್ನು ಬಿಡಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ."

ಈ ಮಾತು ನನಗೆ ಹೊಸದಲ್ಲ. ಶ್ರಾವಣದಲ್ಲಿ, ಆಸ್ಪತ್ರೆಯ ಮಂಚದ ಮೇಲೆ, ಇದನ್ನೇ ಹೇಳಿ ಅವಳು ಮಂಚದ ಕಬ್ಬಿಣದ ಸರಳನ್ನು ಎರಡು ಸಲ ಬಡಿದಿದ್ದಳು.

ನನ್ನ ಕೈ ಆ ಸಾಲನ್ನು ಹೇಳಿ ಮುಗಿಸುವಷ್ಟರಲ್ಲಿ ಹುಬ್ಬು ಗಂಟಾಗಿತ್ತು, ಎಡಹುಬ್ಬು ಮೇಲೇರಿತ್ತು, ಬೆರಳಗಣ್ಣು ಮೇಜನ್ನು ಎರಡು ಸಲ ಬಡಿದಿತ್ತು. ತರಬೇತುದಾರರು ಹಣೆ ಹಿಡಿದುಕೊಂಡರು. ಪಟ್ಟಿಯಿಂದ ಹೆಸರು ಹೋಯಿತು ಎಂದುಕೊಂಡೆ.

ಮೇಜಿನ ಮೇಲೆ ಮೊಣಕೈ ಊರಿದ್ದ ಪರೀಕ್ಷಕರು ಬಡಿತ ತಾಗಿ ನೆಟ್ಟಗೆ ಕುಳಿತರು. ಬಹಳ ಹೊತ್ತು ನನ್ನ ಮುಖ ನೋಡಿದರು.

"ಇದನ್ನ ಯಾರು ಕಲಿಸಿದ್ರು?"

ಕೈಮಾತಿನಲ್ಲಿ ಒಬ್ಬೊಬ್ಬರಿಗೂ ಒಂದು ಸನ್ನೆ-ಹೆಸರು ಇರುತ್ತದೆ. ನಾನು ಅವಳ ಹೆಸರು ಹೇಳಿದೆ: ಗದ್ದದ ಮಚ್ಚೆಯ ಜಾಗದಲ್ಲಿ ಕಿರುಬೆರಳು. ಪರೀಕ್ಷಕರು ನಕ್ಕುಬಿಟ್ಟರು.

"ಕಿವುಡರ ಶಾಲಿ ಹಾಸ್ಟೆಲಿನ್ಯಾಗ ಆರು ವರ್ಷ ಆಕಿ ಮಂಚದ ಬಾಜೂಕ ನನ್ನ ಮಂಚ. ಇದ ಮಾರಿ ಮಾಡಿ, ಹಿಂಗ ಬಡದು, ದಿನಾ ಮುಂಜಾನೆ ನನ್ನ ಹಲ್ಲು ತಿಕ್ಕಿಸ್ತಿದ್ಲು. ಎಲ್ಲಿ ಅದಾಳ ಈಗ?"

ಹೇಳಿದೆ. ಅವರ ಕೈಗಳು ಮೇಜಿನ ಮೇಲೆ ಅಂಗಾತ ಬಿದ್ದವು. ನಮ್ಮ ಭಾಷೆಯಲ್ಲಿ ಮೌನ ಎಂದರೆ ಅದೇ.

ಆಮೇಲೆ ಪೆನ್ನು ತೆಗೆದು ಅಂಕದ ಹಾಳೆ ತುಂಬಿಸಿ ನನ್ನ ಕಡೆ ತಿರುಗಿಸಿದರು. ಪಾಸು. "ಮುಖ" ಎಂಬಲ್ಲಿ ಬರೆದಿದ್ದರು: ತಿದ್ದುವ ಅಗತ್ಯವಿಲ್ಲ. ನಾನು ಕೈಮುಗಿದು ಏಳುವಷ್ಟರಲ್ಲಿ ಕೂತಿರಿ ಎಂದು ಸನ್ನೆ ಮಾಡಿದರು.

"ಈಗ ನಿಮಗ ಬೈಯಾವ್ರು ಯಾರ ಅದಾರ?"

"ಯಾರೂ ಇಲ್ರಿ."

"ಅದು ಕಾಣಾಕತ್ತೈತಿ," ಎಂದು ಅವರು ನನ್ನ ಅಂಗಿಯ ಕಡೆ ಬೆರಳು ಮಾಡಿದರು.

ತಗ್ಗಿ ನೋಡಿಕೊಂಡೆ. ಮೊದಲನೆಯ ಗುಂಡಿ ಎರಡನೆಯ ಕಾಜಿನಲ್ಲಿತ್ತು. ಎರಡನೆಯದು ಮೂರನೆಯದರಲ್ಲಿ. ಹೀಗೆ ಕೆಳಗಿನವರೆಗೂ, ಕ್ರಮ ತಪ್ಪದ ತಪ್ಪು. ಕಾಲರಿನ ಒಂದು ಬದಿ ಕಿವಿಯ ಹತ್ತಿರ ನಿಂತಿತ್ತು. ಒಂಬತ್ತೂವರೆಯಿಂದ ಹನ್ನೆರಡರವರೆಗೆ ನಾನು ಹೀಗೆ ಓಡಾಡಿದ್ದೆ, ಕಣ್ಣಿಗೆ ಬಿದ್ದದ್ದನ್ನು ಬಿಡಬಾರದೆಂದು ತರಬೇತಿ ಪಡೆದ ಇಪ್ಪತ್ಮೂರು ಜನರ ಎದುರಿಗೆ. ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದರೆ, ದುಭಾಷಿ ತಾನಾಗಿ ಏನನ್ನೂ ಸೇರಿಸಬಾರದು ಅಂತ ಐತೆಲ್ರಿ ಎಂದರು.

ಪರೀಕ್ಷಕರು ಎಡಹುಬ್ಬು ಏರಿಸಿ ಮೇಜನ್ನು ಎರಡು ಸಲ ಬಡಿದರು.

ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಬಾಗಿಲ ಹತ್ತಿರದಿಂದ ತರಬೇತುದಾರರು ಕೈ ಎತ್ತಿ, "ಈಗ ಸಡಿಲ ಆತು ನೋಡ್ರಿ ಮುಖ," ಎಂದರು. ನಾನು ಅಲ್ಲೇ ನಿಂತು ಗುಂಡಿಗಳನ್ನೆಲ್ಲ ಬಿಚ್ಚಿದೆ.

ಒಳಗೆ ಬನಿಯನ್ ಉಲ್ಟಾ ಇತ್ತು. ಅವರು ಮತ್ತೆರಡು ಸಲ ಬಡಿದರು.